ಲಾಟನ್ ನಿರ್ದೇಶಿಸಿದ ಏಕೈಕ ಚಿತ್ರ

ಕೊಲೆಗಾರ ಯಾರೆಂಬುದನ್ನು ಕೊನೆಯವರೆಗೂ ಬಚ್ಚಿಡುವ ಪತ್ತೇದಾರಿ ಚಿತ್ರ ಒಂದು ಬಗೆಯಾದರೆ, ಅವನನ್ನು ಮೊದಲೇ ತೋರಿಸಿ ಅವನ ಮುಂದಿನ ಹೆಜ್ಜೆಗಾಗಿ ಪ್ರೇಕ್ಷಕರು ಉಸಿರು ಬಿಗಿಹಿಡಿದು ಕಾಯುವಂತೆ ಮಾಡುವ ಥ್ರಿಲ್ಲರ್ ಇನ್ನೊಂದು ಬಗೆ. 1955ರಲ್ಲಿ ತೆರೆಕಂಡ 'ದಿ ನೈಟ್ ಆಫ್ ದಿ ಹಂಟರ್' ಈ ಎರಡನೆಯ ಬಗೆಯ ಅತ್ಯುತ್ತಮ ಮಾದರಿ. ಡೇವಿಸ್ ಗ್ರಬ್ ಅವರ ಕಾದಂಬರಿಯನ್ನು ಆಧರಿಸಿದ ಇದರ ಕಥೆ ಆರ್ಥಿಕ ಮಹಾಕುಸಿತದ ದಿನಗಳಲ್ಲಿ, ಓಹಿಯೊ ನದಿಯ ದಂಡೆಯಲ್ಲಿ ನಡೆಯುತ್ತದೆ. ವಿಧವೆಯರನ್ನು ಮದುವೆಯಾಗಿ ಕೊಂದು ಹಣ ದೋಚುವ ಕಪಟ ಪಾದ್ರಿ ಹ್ಯಾರಿ ಪೊವೆಲ್, ಗಲ್ಲಿಗೇರಲಿರುವ ಸಹಕೈದಿಯೊಬ್ಬ ಹತ್ತು ಸಾವಿರ ಡಾಲರ್ ಅಡಗಿಸಿಟ್ಟಿರುವ ಸುಳಿವು ಹಿಡಿದು, ಜೈಲಿನಿಂದ ಹೊರಬಂದವನೇ ಅವನ ಹೆಂಡತಿಗೆ ಗಾಳ ಹಾಕುತ್ತಾನೆ. ಹಣ ಇರುವುದು ಪುಟ್ಟ ಮಗಳ ಬೊಂಬೆಯೊಳಗೆ ಎಂಬುದು ಪೊವೆಲ್‌ಗಿಂತ ಮೊದಲೇ ಪ್ರೇಕ್ಷಕರಿಗೆ ತಿಳಿಯುವುದರಿಂದ, ಆ ಬೊಂಬೆ ಕಂಡಾಗಲೆಲ್ಲ ಎದೆ ಢವಗುಟ್ಟುತ್ತದೆ.

ಚಿತ್ರದ ನಿರ್ದೇಶಕ ಚಾರ್ಲ್ಸ್ ಲಾಟನ್ ಮೂಲತಃ ನಟರು. ಇಂಗ್ಲೆಂಡಿನಲ್ಲಿ ಹುಟ್ಟಿ, ಎಂಟನೆಯ ಹೆನ್ರಿಯ ಪಾತ್ರಕ್ಕೆ ಆಸ್ಕರ್ ಪಡೆದವರು. ಮಾತು ಬರುವ ಮುಂಚಿನ ಸಿನಿಮಾ ಬರೀ ಬೆಳಕು ನೆರಳುಗಳಲ್ಲಿ ಕಥೆ ಹೇಳುತ್ತಿದ್ದ ಬಗೆಯನ್ನು ಅರಿಯಲು ಅವರು ನಿರ್ದೇಶಕ ಗ್ರಿಫಿತ್ ಅವರ ಮೂಕಿಚಿತ್ರಗಳನ್ನು ಮತ್ತೆ ನೋಡಿದ್ದಲ್ಲದೆ, ಆ ಕಾಲದ ತಾರೆ ಲಿಲಿಯನ್ ಗಿಶ್ ಅವರನ್ನೇ ಕರೆತಂದು, ಪೊವೆಲ್‌ನಿಂದ ತಪ್ಪಿಸಿಕೊಂಡು ಬರುವ ಆ ಪುಟ್ಟ ಹುಡುಗಿಗೂ ಅವಳ ಅಣ್ಣನಿಗೂ ಆಸರೆಯಾಗುವ ಮುದುಕಿಯ ಪಾತ್ರ ಕೊಟ್ಟರು. ಪಾತ್ರಗಳ ಮನಃಸ್ಥಿತಿಗೆ ತಕ್ಕಂತೆ ಗೋಡೆ, ಬಾಗಿಲು, ನೆರಳುಗಳ ಆಕಾರವನ್ನೇ ಬದಲಿಸುವ ಜರ್ಮನ್ ಅಭಿವ್ಯಕ್ತಿವಾದದ ಪ್ರಭಾವವೂ ಇಲ್ಲಿ ಎದ್ದು ಕಾಣುತ್ತದೆ. ಕೊಲೆ ನಡೆಯುವ ಮಲಗುವ ಕೋಣೆ ಚರ್ಚಿನ ಗೋಪುರದಂತೆ ಮೇಲೆ ಹೋದಂತೆ ಚೂಪಾಗುತ್ತದೆ.

ಛಾಯಾಗ್ರಾಹಕ ಸ್ಟ್ಯಾನ್ಲಿ ಕಾರ್ಟೆಜ್ ಅವರ ಕೈಚಳಕಕ್ಕೆ ಕೊಟ್ಟಿಗೆಯ ದೃಶ್ಯವೊಂದೇ ಸಾಕು. ಹುಲ್ಲಿನ ಅಟ್ಟದಲ್ಲಿ ನಿದ್ದೆಯಿಂದೆದ್ದ ಹುಡುಗನಿಗೆ ದೂರದಿಂದ ಭಕ್ತಿಗೀತೆ ಕೇಳಿಸುತ್ತದೆ. ದಿಗಂತದ ಗೆರೆಯ ಮೇಲೆ ಕುದುರೆ ಸವಾರನೊಬ್ಬನ ಕಪ್ಪು ಆಕೃತಿ ನಿಧಾನವಾಗಿ ಸಾಗುತ್ತದೆ. ಸ್ಟುಡಿಯೋದೊಳಗಿನ ಇಕ್ಕಟ್ಟಿನಲ್ಲಿ ಆ ದೂರವನ್ನು ಸೃಷ್ಟಿಸಲು ಗಿಡ್ಡ ಮೈಕಟ್ಟಿನ ವ್ಯಕ್ತಿಯನ್ನು ಸಣ್ಣ ತಳಿಯ ಕುದುರೆಯ ಮೇಲೆ ಕೂರಿಸಲಾಗಿತ್ತು. ಈ ಗುಟ್ಟು ತಿಳಿದ ಮೇಲೂ ಭಯ ಎಳ್ಳಷ್ಟೂ ತಗ್ಗುವುದಿಲ್ಲ, ಏಕೆಂದರೆ ಲಾಟನ್ ಕಟ್ಟಿದ್ದು ವಾಸ್ತವದ ಹಳ್ಳಿಯನ್ನಲ್ಲ, ಹೆದರಿದ ಮಗುವಿನ ಕಣ್ಣಿಗೆ ಕಾಣುವ ಲೋಕವನ್ನು. ಇಂಪಾದ ಕಂಠದಲ್ಲಿ ಹಾಡುತ್ತಲೇ ಬೇಟೆಯಾಡುವ ಪೊವೆಲ್ ಪಾತ್ರದಲ್ಲಿ ರಾಬರ್ಟ್ ಮಿಚಮ್ ತಮ್ಮ ವೃತ್ತಿಜೀವನದ ಶ್ರೇಷ್ಠ ಅಭಿನಯ ನೀಡಿದ್ದಾರೆಂದರೆ ತಪ್ಪಾಗದು. ಕೊನೆಯ ಭಾಗದಲ್ಲಿ ಉಪದೇಶದ ಮಾತು ತುಸು ಹೆಚ್ಚಾಯಿತೆಂಬ ಆಕ್ಷೇಪಕ್ಕೆ ಮಾತ್ರ ಆಧಾರವಿದೆ.

ಬಣ್ಣ ಮತ್ತು ಅಗಲ ಪರದೆಗೆ ಮರುಳಾಗಿದ್ದ ಆ ದಶಕದಲ್ಲಿ ಈ ಕಪ್ಪುಬಿಳುಪು ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಆ ಸೋಲಿನ ಬಳಿಕ, ಲೇಖಕ ನಾರ್ಮನ್ ಮೇಲರ್ ಅವರ ಯುದ್ಧ ಕಾದಂಬರಿಯನ್ನು ತೆರೆಗೆ ತರುವ ಲಾಟನ್ ಅವರ ಸಿದ್ಧತೆ ಅರ್ಧಕ್ಕೇ ನಿಂತು, ಅದನ್ನು 1958ರಲ್ಲಿ ರೌಲ್ ವಾಲ್ಶ್ ನಿರ್ದೇಶಿಸಿದರು. 1962ರಲ್ಲಿ ತೀರಿಕೊಂಡ ಲಾಟನ್ ಮತ್ತೊಂದು ಚಿತ್ರ ನಿರ್ದೇಶಿಸಲಿಲ್ಲ; ಅವರ ಈ ಒಂದೇ ಚಿತ್ರವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1992ರಲ್ಲಿ ತನ್ನ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿಸಿಕೊಂಡಿತು.