ಕಾಡೆಂದರೆ ಮರವೊಂದೇ?

2019ರ ಅಕ್ಟೋಬರಿನಲ್ಲಿ ಮೆಟ್ರೋ ಕಾರ್‌ಶೆಡ್ಡಿಗಾಗಿ ಗೋರೆಗಾಂವಿನ ಆರೆ ಕಾಲನಿಯಲ್ಲಿ 2,000ಕ್ಕೂ ಹೆಚ್ಚು ಮರಗಳನ್ನು ಕಡಿದಾಗ ಮುಂಬಯಿಯ ಜನ ಬೀದಿಗಿಳಿದರು. ಮರ ಬಿದ್ದರೆ ಮನಸ್ಸಿಗೆ ನೋವಾಗುವುದು ಸಹಜ. ಆದರೆ ಮರ ನೆಟ್ಟೂ ಕಾಡುಪ್ರಾಣಿಯ ಮನೆ ಕೆಡಿಸಬಹುದು ಎಂದರೆ ನಮ್ಮಲ್ಲಿ ಎಷ್ಟು ಜನ ನಂಬುತ್ತೇವೆ? ರಾಣೆಬೆನ್ನೂರಿನ ಕೃಷ್ಣಮೃಗಗಳ ಪಾಡು ಇದೇ. ಈ ಅಪನಂಬಿಕೆಯ ಬೇರು ನಮ್ಮ ಕನ್ನಡ ಓದಿನಲ್ಲಿಯೂ ಇದೆಯೆಂದು ನಮಗನ್ನಿಸುತ್ತದೆ.

ನಮ್ಮ ಸಾಹಿತ್ಯ ನಿಸರ್ಗವನ್ನು ಕಂಡದ್ದು ಬಹುಮಟ್ಟಿಗೆ ಮಲೆನಾಡಿನ ಕಣ್ಣಿನಿಂದ. ಕಾರಂತರ ‘ಬೆಟ್ಟದ ಜೀವ’ (1943), ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967), ತೇಜಸ್ವಿಯವರ ‘ಕರ್ವಾಲೊ’ (1980) ಮೂರೂ ದೊಡ್ಡ ಕೃತಿಗಳು. ಮೂರರಲ್ಲಿಯೂ ಕಾಡೆಂದರೆ ಮಳೆ, ಕಣಿವೆ, ಒತ್ತಾಗಿ ಬೆಳೆದ ಮರ. ಆ ಲೇಖಕರು ತಾವು ಬಾಳಿದ ನೆಲವನ್ನು ಬರೆದರು, ಅವರನ್ನು ದೂರುವಂತಿಲ್ಲ. ಅದೇ ಇಡೀ ನಾಡಿನ ನಿಸರ್ಗವೆಂದು ತಿಳಿಯುವ ಅಭ್ಯಾಸವೇ ಪ್ರಶ್ನಾರ್ಹ. ಬಯಲುಸೀಮೆ ನಮ್ಮ ಕಥೆಗಳಲ್ಲಿ ಹೆಚ್ಚಾಗಿ ಬರಗಾಲದ ನೆಲವಾಗಿ ಬರುತ್ತದೆ. ಗೋವಿನ ಹಾಡು ಎಂದೊಡನೆ ಹಸುವೂ ಹುಲಿಯೂ ನೆನಪಾಗುತ್ತವೆ. ಹಸು ಮೇಯ್ದ ಹುಲ್ಲು ನೆನಪಾಗುವುದಿಲ್ಲ. ಕಾಡುಗೊಲ್ಲರ ಜುಂಜಪ್ಪನ ಕಾವ್ಯ ದನ ಮೇಯುವ ಬಯಲಿನಲ್ಲೇ ಹುಟ್ಟಿ ಬೆಳೆದದ್ದು. ಅದನ್ನು ಓದಿದವರು, ಕೇಳಿದವರು ನಮ್ಮ ನಡುವೆ ಎಷ್ಟು ಮಂದಿ?

ಕಂದಾಯದ ಕಡತಗಳ ಭಾಷೆಯೂ ಇದಕ್ಕಿಂತ ಉದಾರವಲ್ಲ. ಕುರಿಗಾಹಿ ಮೇವಿನ ನೆಲವೆಂದದ್ದು ಅಲ್ಲಿ ‘ಬೀಳು’, ‘ಬಂಜರು’ ಎನಿಸಿಕೊಂಡಿತು. ಮುಂಬಯಿಯ ಭಾರತೀಯ ವಿದ್ಯಾಭವನದ ಸ್ಥಾಪಕರಾದ ಕೆ. ಎಂ. ಮುನ್ಶಿಯವರು ಕೇಂದ್ರ ಸಚಿವರಾಗಿದ್ದಾಗ 1950ರಲ್ಲಿ ವನಮಹೋತ್ಸವ ಆರಂಭಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಬರಿದಾಗಿ ಕಂಡ ನೆಲಕ್ಕೆಲ್ಲ ಸಸಿ ನೆಡುವುದೇ ಪುಣ್ಯವೆಂಬ ಭಾವನೆಯೂ ಬೆಳೆಯಿತು.

ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಸುಮಾರು 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಾಯಿತು. ಹೆಸರು ಜಿಂಕೆಯದು, ನೆಲದ ದೊಡ್ಡ ಪಾಲು ನೀಲಗಿರಿ ನೆಡುತೋಪಿನದು. ಕೃಷ್ಣಮೃಗಕ್ಕೆ ಕಣ್ಣು ಮತ್ತು ಕಾಲೇ ರಕ್ಷಣೆ: ತೋಳವನ್ನು ದೂರದಿಂದಲೇ ಕಾಣಬೇಕು, ಕಂಡೊಡನೆ ಓಡಬೇಕು. ಸಾಲುಮರಗಳ ನಡುವೆ ನೋಟಕ್ಕೆ ತಡೆ, ಮೇವಿಗೂ ಕೊರತೆ. ಹೊಟ್ಟೆಪಾಡಿಗೆ ಅವು ಹೊಲಕ್ಕೆ ನುಗ್ಗುತ್ತವೆ. ಬೆಳೆ ಕಳೆದುಕೊಂಡ ರೈತನ ದೂರು ನ್ಯಾಯವಾದದ್ದೇ. ಕೃಷ್ಣಮೃಗಗಳೇನೋ ಉಳಿದಿವೆ, ಒಂದು ಕಾಲಕ್ಕೆ ಅಲ್ಲಿ ಓಡಾಡಿಕೊಂಡಿದ್ದ ಎರೆಭೂತವೆಂಬ ದೊಡ್ಡ ಹಕ್ಕಿ ಕಣ್ಮರೆಯಾಯಿತು. ಕೃಷ್ಣಮೃಗವೆಂದರೆ ಮುಂಬಯಿಗರಿಗೆ 1998ರ ರಾಜಸ್ಥಾನದ ಬೇಟೆಯೂ ಸಿನಿಮಾ ನಟರ ಮೊಕದ್ದಮೆಯೂ ನೆನಪಾಗುತ್ತವೆ. ಗುಂಡು ಹಾರಿದರೆ ಮೊಕದ್ದಮೆಯುಂಟು. ಹುಲ್ಲು ಹೋದರೆ ಯಾವ ಠಾಣೆಯಲ್ಲಿ ದೂರು?

ಬಂಜರೆಂಬ ಮಾತಿನ ಬಲ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿಯೂ ಕಂಡಿತು. ಅಲ್ಲಿನ ಅಮೃತಮಹಲ್ ಕಾವಲುಗಳ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ನಮ್ಮ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರವೂ ಅವುಗಳಲ್ಲಿ ಒಂದು. ದೇಶಕ್ಕೆ ವಿಜ್ಞಾನ ಬೇಡವೆಂದು ಯಾರೂ ಹೇಳರು. ಆದರೆ ಅಷ್ಟೇ ವಿಸ್ತಾರದ ದಟ್ಟ ಕಾಡು ಹೋಗಿದ್ದರೆ ಮುಂಬಯಿಯ ನಮ್ಮ ಸಭೆಗಳಲ್ಲಿಯೂ ಮಾತು ಏಳುತ್ತಿತ್ತು.

ಬೇರೆ ದಾರಿ ಇಲ್ಲದಿಲ್ಲ. ತುಮಕೂರು ಜಿಲ್ಲೆಯ ಮಧುಗಿರಿ ತಾಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಬರೀ 798 ಎಕರೆ. ಆದರೂ ಹುಲ್ಲಿನ ಬಯಲಿಗೂ ರಕ್ಷಣೆಗೆ ಹಕ್ಕುಂಟು ಎಂಬ ಒಪ್ಪಿಗೆ ಅದರಲ್ಲಿದೆ. ರಾಣೆಬೆನ್ನೂರಿನಲ್ಲಿಯೂ ನೀಲಗಿರಿ ಕಡಿದ ಕಡೆ ಮತ್ತೆ ಸಸಿ ನೆಡದೆ ಹುಲ್ಲಿಗೆ ಜಾಗ ಬಿಡಬೇಕು. ರೈತನಿಗೆ ಬೆಳೆ ಪರಿಹಾರ ಹೊತ್ತಿಗೆ ಸರಿಯಾಗಿ ಸಿಗಬೇಕು. ಕುರಿಗಾಹಿಯನ್ನು ಶತ್ರುವೆಂದು ಕಾಣಬಾರದು.

ಹೊರನಾಡಿನಲ್ಲಿರುವ ನಾವು ಮಾಡಬಹುದಾದದ್ದೂ ಒಂದಿದೆ. ರಜೆಗೆ ಊರಿಗೆ ಹೋಗುವಾಗ ಹುಬ್ಬಳ್ಳಿ ದಾಟಿದ ಮೇಲೆ ಮಕ್ಕಳು ರೈಲಿನ ಕಿಟಕಿಯಿಂದ ನೋಡಿ, ಇಲ್ಲೇನಿದೆ ಎಂದು ಕೇಳುತ್ತಾರೆ. ಏನೂ ಇಲ್ಲ, ಬರೀ ಬಯಲು ಎನ್ನುವುದು ಸುಲಭ. ಹುಲ್ಲಿದೆ, ಅದನ್ನು ನಂಬಿದ ಜೀವಗಳಿವೆ ಎಂದು ಹೇಳೋಣ. ಈ ಬಯಲನ್ನು ಬರೆಯುವ ಮುಂದಿನ ಕನ್ನಡ ಲೇಖಕ ಆ ಮಕ್ಕಳಲ್ಲೇ ಒಬ್ಬನಿರಬಹುದು, ಒಬ್ಬಳಿರಬಹುದು.