ದಿನಕ್ಕೊಂದು ಪ್ರಶ್ನೆ, ಐದು ತಾಲ್ಲೂಕಿನ ಅರಿವು

ರಸಪ್ರಶ್ನೆಯ ಹವ್ಯಾಸದಲ್ಲಿ ವೇದಿಕೆಯ ಸ್ಪರ್ಧೆಗೆ ಸಿಗುವ ಗಮನ ನಿತ್ಯದ ರಸಪ್ರಶ್ನೆಗೆ ಸಿಕ್ಕಿಲ್ಲ. ವೇದಿಕೆಯ ಸ್ಪರ್ಧೆ ಗೆದ್ದವರ ಹೆಸರು ಘೋಷಣೆಯಾಗುವುದರೊಂದಿಗೆ ಮುಗಿದುಹೋದರೆ, ಐವತ್ತೋ ನೂರೋ ಮಂದಿಯ ಮೊಬೈಲ್ ಬಳಗದಲ್ಲಿ ದಿನವೂ ನಿಗದಿತ ಹೊತ್ತಿಗೆ ಬರುವ ಒಂದು ಪ್ರಶ್ನೆ ಉತ್ತರ ಹೊಳೆಯುವವರೆಗೂ ಮನಸ್ಸನ್ನು ಕಾಡುತ್ತದೆ, ಉತ್ತರ ತಿಳಿದ ಮೇಲೆ ಚರ್ಚೆಗೆ ದಾರಿ ಮಾಡುತ್ತದೆ, ಮರುದಿನದ ಪ್ರಶ್ನೆಗೆ ಕುತೂಹಲವನ್ನೂ ಉಳಿಸುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಶಿಕ್ಷಕರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು ಹಾಗೂ ದುಡಿಮೆಗಾಗಿ ಊರು ಬಿಟ್ಟವರು ಒಂದೆಡೆ ಸೇರುವ ಬಳಗಕ್ಕೆ ಇದಕ್ಕಿಂತ ಹೊಂದುವ ಹವ್ಯಾಸ ಅಪರೂಪ. ಆದರೆ ಅಂಥ ಬಳಗಕ್ಕೆ ಪ್ರಶ್ನೆ ಹಾಕುವವರು ಮೊದಲು ತಮ್ಮ ನೆಲದಿಂದಲೇ ಪ್ರಶ್ನೆಗಳನ್ನು ಆಯ್ದುಕೊಳ್ಳಬೇಕು, ಆಯ್ದ ಪ್ರತಿಯೊಂದು ಪ್ರಶ್ನೆಯ ಉತ್ತರಕ್ಕೂ ಹೊಣೆಯಾಗಬೇಕು ಎಂಬುದು ಈ ಬರಹದ ನಿಲುವು.

ಪ್ರಶ್ನೆಯ ಮೂಲಕ ತಿಳಿವಳಿಕೆ ದಾಟಿಸುವ ಪರಂಪರೆ ಕನ್ನಡ ನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಹೆಸರಿನಲ್ಲಿರುವ ‘ಪ್ರಶ್ನೋತ್ತರ ರತ್ನಮಾಲಿಕೆ’ ಎಂಬ ಸಂಸ್ಕೃತ ಕೃತಿ ನೀತಿಯನ್ನು ಪ್ರಶ್ನೆ ಮತ್ತು ಉತ್ತರದ ರೂಪದಲ್ಲಿಯೇ ಹೇಳುತ್ತದೆ. ಸರ್ವಜ್ಞನ ತ್ರಿಪದಿಗಳಲ್ಲಿ ಒಗಟುಗಳದೇ ಒಂದು ಗುಂಪಿದೆ. ಆಧುನಿಕ ಕಾಲದಲ್ಲಿ 1983ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಈ ಹವ್ಯಾಸಕ್ಕೆ ಸಂಘಟನೆಯ ಬಲ ಕೊಟ್ಟಿತು. ಆದರೆ ಹಳ್ಳಿಯ ಮನೆಗಳಿಗೂ ರಸಪ್ರಶ್ನೆಯನ್ನು ಕನ್ನಡದಲ್ಲಿ ತಲುಪಿಸಿದ್ದು, ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾಗಿ ಸಾವಿರಾರು ಕಂತುಗಳನ್ನು ದಾಟಿರುವ ‘ಥಟ್ ಅಂತ ಹೇಳಿ’. ವೃತ್ತಿಯಿಂದ ವೈದ್ಯರಾದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಡುವ ಈ ಕಾರ್ಯಕ್ರಮದಲ್ಲಿ ಸರಿಯುತ್ತರಕ್ಕೆ ಪುಸ್ತಕವೇ ಬಹುಮಾನವಾಗಿರುವುದರಿಂದ, ಒಂದು ಉತ್ತರ ಮುಂದಿನ ಓದಿಗೆ ಬಾಗಿಲಾಗಬೇಕೆಂಬ ತತ್ತ್ವ ಅದರ ರಚನೆಯಲ್ಲಿಯೇ ಅಡಕವಾಗಿದೆ. ನಿತ್ಯದ ಬಳಗಗಳು ಅನುಸರಿಸಬೇಕಾದ ಮೇಲ್ಪಂಕ್ತಿ ಇದೇ.

ಪ್ರಶ್ನೆಯ ಗುಣವನ್ನು ಅಳೆಯಲು ಒಂದು ಉದಾಹರಣೆ ಸಾಕು. ‘ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ ಯಾವ ವರ್ಷ ತೀರಿಕೊಂಡ?’ ಎಂಬುದು ದುರ್ಬಲ ಪ್ರಶ್ನೆ. 1068 ಎಂಬ ಅಂಕಿ ಗೊತ್ತಿದ್ದವರು ಹೇಳುತ್ತಾರೆ, ಗೊತ್ತಿಲ್ಲದವರಿಗೆ ಯೋಚಿಸಲು ಅಲ್ಲಿ ಏನೂ ಇಲ್ಲ. ಅದೇ ಸಂಗತಿಯನ್ನು ಹೀಗೆ ಕೇಳಬಹುದು: ‘ಕಲ್ಯಾಣದ ಚಾಲುಕ್ಯ ದೊರೆಯೊಬ್ಬ ವಾಸಿಯಾಗದ ಕಾಯಿಲೆಯಿಂದ ಬಳಲಿ 1068ರಲ್ಲಿ ತುಂಗಭದ್ರೆಯಲ್ಲಿ ಜಲಸಮಾಧಿ ಪಡೆದ ಸ್ಥಳವು, ಮದನಿಕೆಯರ ಶಿಲ್ಪಗಳಿಗೆ ಹೆಸರಾದ ಮಲ್ಲಿಕಾರ್ಜುನ ದೇವಾಲಯವಿರುವ ಊರೂ ಹೌದು, ಆ ಊರು ಯಾವುದು?’ ಇತಿಹಾಸ ಓದಿದವರು ದೊರೆಯ ಕಡೆಯಿಂದ, ನದಿಯ ಪರಿಚಯವಿರುವವರು ದಂಡೆಯ ಊರುಗಳನ್ನು ನೆನೆಯುತ್ತ, ಜಾತ್ರೆಗೆ ಹೋಗಿಬಂದವರು ದೇವಾಲಯದ ಕಡೆಯಿಂದ ಹಡಗಲಿ ತಾಲ್ಲೂಕಿನ ಕುರುವತ್ತಿಯನ್ನು ತಲುಪುತ್ತಾರೆ. ಹೀಗೆ ಒಂದಕ್ಕಿಂತ ಹೆಚ್ಚು ದಾರಿಗಳಿಂದ ಉತ್ತರಕ್ಕೆ ಹೋಗಲು ಸಾಧ್ಯವಿರುವ ಪ್ರಶ್ನೆಯೇ ಉತ್ತಮ ಪ್ರಶ್ನೆ, ಏಕೆಂದರೆ ಬೇರೆ ಬೇರೆ ಓದು ಮತ್ತು ಅನುಭವ ಇರುವವರಿಗೆಲ್ಲ ಅದರಲ್ಲಿ ಪಾಲಿದೆ. ಉತ್ತರದ ಜೊತೆಗೆ, ಆ ದೊರೆಯ ಮಗ ಆರನೆಯ ವಿಕ್ರಮಾದಿತ್ಯನ ಆಸ್ಥಾನಕವಿ ಬಿಲ್ಹಣನು ‘ವಿಕ್ರಮಾಂಕದೇವಚರಿತ’ದಲ್ಲಿ ಈ ಪ್ರಸಂಗವನ್ನು ವರ್ಣಿಸಿದ್ದಾನೆಂಬ ಎರಡು ಸಾಲಿನ ವಿವರಣೆ ಸೇರಿದರೆ, ಸೋತವರಿಗೂ ಆ ದಿನ ಲಾಭವೇ.

ಆಯ್ಕೆಗಳನ್ನು ಕೊಟ್ಟು ಕೇಳುವ ಪ್ರಶ್ನೆಯಲ್ಲಿ ತಪ್ಪು ಆಯ್ಕೆಗಳಿಗೂ ಸರಿಯುತ್ತರದಷ್ಟೇ ಶ್ರಮ ಬೇಕು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವು 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಇರಾನಿನ ರಾಮ್ಸರ್ ಪಟ್ಟಣದಲ್ಲಿ 1971ರಲ್ಲಿ ಆದ ಒಪ್ಪಂದದಂತೆ, ಅಂತರರಾಷ್ಟ್ರೀಯ ಮಹತ್ವವುಳ್ಳ ಜೌಗು ಪ್ರದೇಶಗಳನ್ನು ಗುರುತಿಸುವ ಪಟ್ಟಿ ಅದು. ರೈತರ ನೀರಾವರಿಗಾಗಿ ಕಟ್ಟಿದ, ಸುಮಾರು 99 ಹೆಕ್ಟೇರಿನ ಕೆರೆಯೊಂದು ಅಲ್ಲಿಗೆ ತಲುಪಿದ್ದು ಪ್ರಶ್ನೆಗೆ ತಕ್ಕ ವಸ್ತು. ಇಲ್ಲಿ ತೋಚಿದ ಮೂರು ಕೆರೆಗಳ ಹೆಸರನ್ನು ಆಯ್ಕೆಗಳಾಗಿ ಸೇರಿಸುವುದಕ್ಕಿಂತ, ಅಂಕಸಮುದ್ರ, ಮಾಗಡಿ ಕೆರೆ, ಅಘನಾಶಿನಿ ಅಳಿವೆ ಮತ್ತು ರಂಗನತಿಟ್ಟು ಎಂಬ ನಾಲ್ಕನ್ನೂ ಕೊಟ್ಟು, ಉಳಿದ ಮೂರಕ್ಕಿಂತ ಮೊದಲೇ ಪಟ್ಟಿಗೆ ಸೇರಿದ್ದು ಯಾವುದೆಂದು ಕೇಳುವುದು ಲೇಸು. ಉತ್ತರ ರಂಗನತಿಟ್ಟು, 2022. ಆದರೆ ಪ್ರಶ್ನೆಯನ್ನು ಓದಿದ ಮಾತ್ರಕ್ಕೇ ನಾಲ್ಕು ತಾಣಗಳ ಹೆಸರು ಬಳಗಕ್ಕೆ ಪರಿಚಯವಾಗಿರುತ್ತದೆ.

ಉತ್ತರದ ಹೊಣೆ ಎಂಬುದು ಇನ್ನೂ ಗಂಭೀರವಾದ ವಿಷಯ. ಉತ್ತರಗಳಿಗೂ ಆಯುಷ್ಯವಿದೆ ಎಂಬುದಕ್ಕೆ ಹರಪನಹಳ್ಳಿಗಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು. 1997ರಲ್ಲಿ ಈ ತಾಲ್ಲೂಕು ಬಳ್ಳಾರಿಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಹಿಂದುಳಿದ ಕಲ್ಯಾಣ ಕರ್ನಾಟಕ ಪ್ರದೇಶಕ್ಕೆ ಉದ್ಯೋಗ ಮತ್ತು ಶಿಕ್ಷಣದಲ್ಲಿ ವಿಶೇಷ ಅವಕಾಶ ಕೊಡುವ ಸಂವಿಧಾನದ 371(ಜೆ) ವಿಧಿಯ ಸೌಲಭ್ಯಕ್ಕಾಗಿ ನಡೆದ ಹೋರಾಟದ ನಂತರ 2018ರಲ್ಲಿ ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ರಾಜ್ಯದ 31ನೆಯ ಜಿಲ್ಲೆಯಾಗಿ ವಿಜಯನಗರ ರಚನೆಯಾದಾಗ ಉಳಿದ ನಾಲ್ಕು ತಾಲ್ಲೂಕುಗಳ ಜೊತೆಗೆ ಅಲ್ಲಿಗೆ ಬಂತು. ಇನ್ನೂ ಹಿಂದಕ್ಕೆ ಹೋದರೆ, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಸೀಮೆಯೆಲ್ಲ ಮದ್ರಾಸ್ ಆಡಳಿತದಲ್ಲಿತ್ತು. ಹಳೆಯ ಸಾಮಾನ್ಯ ಜ್ಞಾನದ ಪುಸ್ತಕದಿಂದ ಪ್ರಶ್ನೆಯನ್ನು ಹಾಗೆಯೇ ನಕಲು ಮಾಡುವವರು ಇಲ್ಲಿ ಎಡವುವುದು ಖಚಿತ. ಆದ್ದರಿಂದ ಇಂಥ ಪ್ರಶ್ನೆಗಳಲ್ಲಿ ಕಾಲವನ್ನು ನಮೂದಿಸುವುದು ಕಡ್ಡಾಯವಾಗಬೇಕು. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾದ ಮೇಲೆ ವೀರಶೈವ ಪಂಚಪೀಠಗಳಲ್ಲೊಂದಾದ ಉಜ್ಜಿನಿಯ ವಿಳಾಸ ಬದಲಾದದ್ದನ್ನೂ ಇದೇ ಎಚ್ಚರದಿಂದ ಗಮನಿಸಬೇಕು.

ದಾಖಲೆ ಮತ್ತು ನಂಬಿಕೆಗಳ ನಡುವಿನ ಗೆರೆಯನ್ನೂ ಪ್ರಶ್ನೆಯ ವಾಕ್ಯವೇ ತೋರಿಸಬೇಕು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯಕ್ಕೆ ಸಂಬಂಧಿಸಿದಂತೆ 987ರ ಶಾಸನದಲ್ಲಿ ದುಗ್ಗಿಮಯ್ಯನ ಹೆಸರು ಬರುವುದು ದಾಖಲೆ. ಒನಕೆ ಓಬವ್ವನ ತವರು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಎಂಬುದು ಜನ ಪ್ರೀತಿಯಿಂದ ಕಾಪಾಡಿಕೊಂಡು ಬಂದ ನಂಬಿಕೆ. ಎರಡೂ ಪ್ರಶ್ನೆಗೆ ಯೋಗ್ಯವೇ, ಆದರೆ ಎರಡನೆಯದನ್ನು ಕೇಳುವಾಗ ‘ಸ್ಥಳೀಯರ ನಂಬಿಕೆಯಂತೆ’ ಎಂಬ ಮಾತು ಸೇರಲೇಬೇಕು. ಹಾಗೆಯೇ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕದ, ಎಂದರೆ ಭವಿಷ್ಯವಾಣಿಯ, ಬಗ್ಗೆ ಕೇಳುವಾಗ, ಆ ಆಚರಣೆಯ ಸ್ಥಳ ಮತ್ತು ಕ್ರಮವನ್ನು ಪ್ರಶ್ನೆಯಾಗಿಸಬಹುದೇ ಹೊರತು ಆ ನುಡಿಯ ಅರ್ಥವನ್ನಲ್ಲ, ಏಕೆಂದರೆ ಅದನ್ನು ರೈತರು ಒಂದು ಬಗೆಯಾಗಿ, ರಾಜಕಾರಣಿಗಳು ಇನ್ನೊಂದು ಬಗೆಯಾಗಿ ಅರ್ಥೈಸುತ್ತಾರೆ.

ನಡೆಸುವ ವಿಧಾನದಲ್ಲಿಯೂ ವಿವೇಚನೆ ಬೇಕು. ವಾಟ್ಸ್‌ಆ್ಯಪ್‌ನ ಪೋಲ್‌ನಲ್ಲಿ ಯಾರು ಯಾವ ಆಯ್ಕೆಯನ್ನು ಒತ್ತಿದರೆಂಬುದು ಎಲ್ಲರಿಗೂ ಕಾಣುವುದರಿಂದ, ತಿಳಿದವರೆಂದು ಹೆಸರಾದವರ ಹಿಂದೆಯೇ ಉಳಿದವರ ಮತ ಸಾಗುವ ಸಂಭವ ಹೆಚ್ಚು. ಟೆಲಿಗ್ರಾಂನಲ್ಲಿ 2020ರಿಂದ ಇರುವ ಕ್ವಿಜ್ ಪೋಲ್‌ನಲ್ಲಿ ಹೆಸರು ಮರೆಮಾಡಬಹುದು, ಉತ್ತರ ಒತ್ತಿದ ಕೂಡಲೇ ಸರಿತಪ್ಪು ತಿಳಿಯುತ್ತದೆ, ಪುಟ್ಟ ವಿವರಣೆಯನ್ನೂ ಸೇರಿಸಬಹುದು. ಆದರೆ ಅಕ್ಷರಮಿತಿಯನ್ನು ಎಣಿಸುವಾಗ ಯಂತ್ರವು ಒತ್ತಕ್ಷರ, ಗುಣಿತಗಳನ್ನೂ ಬೇರೆ ಬೇರೆಯಾಗಿ ಲೆಕ್ಕಹಾಕುವುದರಿಂದ ಕನ್ನಡದ ವಿವರಣೆಗೆ ದೊರೆಯುವ ಜಾಗ ಕಿರಿದಾಗುತ್ತದೆ. ಹೀಗಾಗಿ ಪೂರ್ಣ ವಿವರಣೆಯನ್ನು ರಾತ್ರಿ ಪ್ರತ್ಯೇಕ ಸಂದೇಶವಾಗಿ ಕಳುಹಿಸುವುದೇ ಉತ್ತಮ.

ಆಯ್ಕೆಗಳೇ ಇಲ್ಲದ ಪ್ರಶ್ನೆಗಳಿಗೂ ವಾರದಲ್ಲಿ ಎರಡು ಮೂರು ದಿನ ಮೀಸಲಿಡಬೇಕು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಆಧಾರ. ಪಾಠವೊಂದನ್ನು ಎರಡು ಬಾರಿ ಓದಿದ ವಿದ್ಯಾರ್ಥಿಗಳಿಗೆ ಒಂದು ವಾರದ ನಂತರ ಅದರ ಶೇ. 42ರಷ್ಟು ನೆನಪಿದ್ದರೆ, ಒಮ್ಮೆ ಓದಿ, ಮತ್ತೊಮ್ಮೆ ಪುಸ್ತಕ ನೋಡದೆ ನೆನಪಿನಿಂದ ಬರೆದವರಿಗೆ ಶೇ. 56ರಷ್ಟು ನೆನಪಿತ್ತು. ನೆನಪನ್ನು ಕೆದಕಿ ಹೊರತೆಗೆಯುವ ಶ್ರಮವೇ ನೆನಪನ್ನು ಗಟ್ಟಿಗೊಳಿಸುತ್ತದೆ ಎಂಬುದು ಇದರ ತಿರುಳು. ಗೂಗಲ್‌ನಲ್ಲಿ ಹುಡುಕಿ ಉತ್ತರಿಸುವವರನ್ನು ತಡೆಯಲು ನಿಯಮಗಳಿಂದ ಆಗದು. ಆದರೆ ಹುಡುಕಾಟಕ್ಕೆ ಸುಲಭವಾಗಿ ಸಿಗದ ಸ್ಥಳೀಯ ಸಂಗತಿಗಳನ್ನು, ಉದಾಹರಣೆಗೆ ಕೂಡ್ಲಿಗಿ ತಾಲ್ಲೂಕಿನ ಕುಮತಿಯ ಮಾನವಾಕಾರದ ನಿಲುಗಲ್ಲುಗಳನ್ನೋ ಹಡಗಲಿ ಮಲ್ಲಿಗೆಯ ಬೇಸಾಯವನ್ನೋ ಕುರಿತು ಕೇಳಿದಾಗ, ಉತ್ತರಕ್ಕಾಗಿ ಜನ ಮೊಬೈಲ್ ಬಿಟ್ಟು ಮನೆಯ ಹಿರಿಯರನ್ನು, ಊರಿನ ಬೆಳೆಗಾರರನ್ನು ವಿಚಾರಿಸುವಂತಾಗುತ್ತದೆ. ಅಂಥ ಹುಡುಕಾಟವನ್ನು ತಡೆಯಬೇಕಾದ ಅಗತ್ಯವೇ ಇಲ್ಲ.

ಉತ್ತರವನ್ನು ಸದಸ್ಯರು ಪ್ರಶ್ನಿಸಿದಾಗ ನಡೆದುಕೊಳ್ಳುವ ರೀತಿಯಲ್ಲಿ ಪ್ರಶ್ನೆ ಹಾಕುವವರ ಯೋಗ್ಯತೆ ಗೊತ್ತಾಗುತ್ತದೆ. ಶಾಸನ ಸಂಪುಟ, ಗೆಜೆಟಿಯರ್ ಎಂದರೆ ಸರ್ಕಾರ ಜಿಲ್ಲಾವಾರು ಪ್ರಕಟಿಸುವ ವಿವರ ಗ್ರಂಥ, ಅಥವಾ ಸರ್ಕಾರದ ಅಧಿಸೂಚನೆ, ಇವುಗಳಲ್ಲಿ ಯಾವುದನ್ನು ನಂಬಿ ಉತ್ತರ ಹೇಳಲಾಯಿತೆಂಬುದನ್ನು ತಿಳಿಸಿ, ಆಕ್ಷೇಪ ಸರಿಯಿದ್ದರೆ ಅಂಕಗಳನ್ನು ತಿದ್ದಿ, ತಿದ್ದುಪಡಿಯನ್ನು ಪ್ರಶ್ನೆ ಹಾಕಿದ ಜಾಗದಲ್ಲಿಯೇ ಪ್ರಕಟಿಸಿದರೆ ಬಳಗದ ವಿಶ್ವಾಸ ಬೆಳೆಯುತ್ತದೆ. ದಿನಕ್ಕೊಂದರಂತೆ ವರ್ಷಕ್ಕೆ 365 ಪ್ರಶ್ನೆಗಳಾದರೆ ಐದು ತಾಲ್ಲೂಕುಗಳಿಗೆ ತಲಾ 73ರಷ್ಟು ಪಾಲು ಬರುತ್ತದೆ. ಹೀಗೆ ಪರಿಶೀಲನೆಗೆ ಒಳಗಾದ ಸಂಗ್ರಹ ಶಾಲೆಗಳಲ್ಲಿ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಇಡಲು ತಕ್ಕ ಕೈಪಿಡಿಯಾಗುತ್ತದೆ. ಅಂಥ ಕೈಪಿಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಡುವವರು, ಮೊದಲ ತಿಂಗಳ ಪ್ರಶ್ನೆಗಳನ್ನೆಲ್ಲ ಆಧಾರ ಮತ್ತು ವಿವರಣೆಗಳೊಂದಿಗೆ ಸಿದ್ಧಮಾಡಿಟ್ಟುಕೊಂಡ ನಂತರವೇ ಬಳಗದ ಮುಂದೆ ಮೊದಲ ಪ್ರಶ್ನೆಯನ್ನು ಇಡುವುದು ಯುಕ್ತ.