ಸದ್ದಡಗಿದಾಗ ಹುಟ್ಟುವ ಭಯ

ಹರ್ಕ್ ಹಾರ್ವೆ ಜೀವಮಾನದಲ್ಲಿ ನಿರ್ದೇಶಿಸಿದ ಕಥಾಚಿತ್ರ ಒಂದೇ: 1962ರ ‘ಕಾರ್ನಿವಲ್ ಆಫ್ ಸೋಲ್ಸ್’. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್‌ನಲ್ಲಿ ಶಾಲೆ, ಕಾರ್ಖಾನೆಗಳಿಗೆ ಕಿರುಚಿತ್ರ ಮಾಡಿಕೊಡುತ್ತಿದ್ದವರು ಅವರು. ಯೂಟಾದ ಉಪ್ಪುನೀರಿನ ಸರೋವರದ ಬಳಿ ಪಾಳುಬಿದ್ದಿದ್ದ ಸಾಲ್ಟೇರ್ ಎಂಬ ವಿಹಾರಮಂದಿರ ಕಣ್ಣಿಗೆ ಬಿದ್ದು, ಅದರ ಸುತ್ತ ಕಥೆ ಹೆಣೆಯುವಂತೆ ಸಹೋದ್ಯೋಗಿ ಜಾನ್ ಕ್ಲಿಫರ್ಡ್ ಅವರನ್ನು ಕೇಳಿದರು. ಸುಮಾರು 33 ಸಾವಿರ ಡಾಲರಿನಲ್ಲಿ ಚಿತ್ರ ಮುಗಿಯಿತು. ತೆರೆಕಂಡಾಗ ಹೆಚ್ಚಿನವರು ಕಣ್ಣೆತ್ತಿ ನೋಡಲಿಲ್ಲ. ತಡರಾತ್ರಿಯ ಟಿ.ವಿ. ಪ್ರಸಾರದಲ್ಲಿ ಜೀವ ಹಿಡಿದುಕೊಂಡಿದ್ದ ಈ ಚಿತ್ರ 1989ರಲ್ಲಿ ಮತ್ತೆ ಚಿತ್ರಮಂದಿರಕ್ಕೆ ಬಂದಾಗ ತಕ್ಕ ಮನ್ನಣೆ ಪಡೆಯಿತು.

ಸೇತುವೆಯಿಂದ ನದಿಗೆ ಉರುಳಿದ ಕಾರಿನಲ್ಲಿದ್ದ ಮೂವರು ಯುವತಿಯರಲ್ಲಿ ಮೇರಿ ಹೆನ್ರಿ ಒಬ್ಬಳೇ ಕೆಸರು ಮೆತ್ತಿಕೊಂಡು ದಡಕ್ಕೆ ಬರುತ್ತಾಳೆ. ಯೂಟಾದ ಚರ್ಚೊಂದರಲ್ಲಿ ಆರ್ಗನ್ ನುಡಿಸುವ ಕೆಲಸಕ್ಕೆ ಹೋಗುತ್ತಾಳೆ. ಬಿಳಿಚಿದ ಮುಖದವನೊಬ್ಬ ಅವಳ ಬೆನ್ನು ಬೀಳುತ್ತಾನೆ. ಆ ಪಾತ್ರ ಹಾರ್ವೆ ಅವರದೇ.

ನನ್ನನ್ನು ಹೆಚ್ಚು ನಡುಗಿಸಿದ್ದು ಅವನಲ್ಲ, ಹಾಡುಹಗಲಿನ ಬಟ್ಟೆ ಅಂಗಡಿಯ ದೃಶ್ಯ. ಮೇರಿ ಉಡುಪು ಹಾಕಿ ನೋಡುತ್ತಿರುವಾಗ ಪರದೆಯೇ ನೀರಿನಂತೆ ಕದಡುತ್ತದೆ. ಹೊರಬಂದು ಮಾತಾಡಿಸಿದರೆ ಅಂಗಡಿಯಾಕೆಗೆ ಅವಳು ಕಾಣುವುದೂ ಇಲ್ಲ, ಕೇಳಿಸುವುದೂ ಇಲ್ಲ. ಬೀದಿಯಲ್ಲಿ ಜನ, ವಾಹನ ಎಲ್ಲ ಓಡಾಡುತ್ತಿವೆ, ಸದ್ದು ಮಾತ್ರ ಇಲ್ಲ. ಪಾರ್ಕಿನ ಮರಕ್ಕೆ ಒರಗಿದಾಗ ಹಕ್ಕಿಯೊಂದು ಉಲಿದ ಮೇಲೆಯೇ ಲೋಕ ಅವಳಿಗೆ ಮರಳುತ್ತದೆ. ಉಳಿದಂತೆ ಜೀನ್ ಮೂರ್ ಅವರ ಆರ್ಗನ್ ಸಂಗೀತ ಚಿತ್ರವನ್ನು ಬಿಡದೆ ಆವರಿಸಿರುವುದರಿಂದ ಈ ನಿಶ್ಶಬ್ದ ಇನ್ನಷ್ಟು ಇರಿಯುತ್ತದೆ.

ಈ ದೃಶ್ಯ ಬರೀ ತಂತ್ರದ ಚಮತ್ಕಾರವಲ್ಲ. ಅವಳ ಸುತ್ತಲಿನ ಬದುಕಿರುವವರನ್ನು ಗಮನಿಸಿ. ಪಾದ್ರಿ ಅವಳ ವಾದನ ಅಪವಿತ್ರವೆಂದು ಕೆಲಸದಿಂದ ತೆಗೆಯುತ್ತಾನೆ. ಪಕ್ಕದ ಕೋಣೆಯ ಗಂಡಸಿಗೆ ಅವಳ ದೇಹವಷ್ಟೇ ಬೇಕು. ವೈದ್ಯ ಎಲ್ಲಕ್ಕೂ ವಿವರಣೆ ಕೊಡಲು ಹೊರಡುತ್ತಾನೆ. ಎಲ್ಲರಿಗೂ ಅವಳ ಬಗ್ಗೆ ಅಭಿಪ್ರಾಯವಿದೆ, ಅವಳ ಮಾತಿಗೆ ಕಿವಿಯಿಲ್ಲ. ಕ್ಯಾಂಡೇಸ್ ಹಿಲಿಗಾಸ್ ದೊಡ್ಡ ಕಣ್ಣುಗಳಲ್ಲಿ ದಿಗಿಲನ್ನೂ, ಯಾರ ಹಂಗೂ ಬೇಡವೆನ್ನುವ ಬಿಗುವನ್ನೂ ಒಟ್ಟಿಗೆ ಹಿಡಿದು ಮೇರಿಯನ್ನು ಅನುಕಂಪದ ಗೊಂಬೆಯಾಗಲು ಬಿಡುವುದಿಲ್ಲ.

ಕುಂದುಗಳಿವೆ. ಕೆಲವೆಡೆ ತುಟಿಗೂ ಮಾತಿಗೂ ಹೊಂದಾಣಿಕೆಯಿಲ್ಲ, ಪೋಷಕ ನಟರು ಪಾಠ ಒಪ್ಪಿಸುತ್ತಾರೆ, ವೈದ್ಯನ ಸಂಭಾಷಣೆ ಎಳೆದಾಡುತ್ತದೆ. ಕೊನೆಯ ತಿರುವು ಇಂದಿನ ಪ್ರೇಕ್ಷಕರಿಗೆ ಮೊದಲೇ ಹೊಳೆಯಬಹುದು. ಹೊಳೆದರೂ ಚಿತ್ರ ಸೊರಗುವುದಿಲ್ಲ, ಏಕೆಂದರೆ ಅದರ ಬಲ ಗುಟ್ಟಿನಲ್ಲಿಲ್ಲ. ಜನರ ನಡುವೆಯೇ ಇದ್ದೂ ಯಾರಿಗೂ ಲೆಕ್ಕವಿಲ್ಲದಂತಾಗುವ ಭಯವನ್ನು ಇಷ್ಟು ನೇರವಾಗಿ ತೋರಿಸಿದ ಭಯಾನಕ ಚಿತ್ರಗಳು ವಿರಳ. ಅದಕ್ಕಾಗಿಯೇ ಇದನ್ನು ಹಳೆಯ ಕುತೂಹಲವೆಂದಲ್ಲ, ಶ್ರೇಷ್ಠ ಕೃತಿಯೆಂದೇ ನೋಡಬೇಕು.